ಕೊನೆಯ ಮಾತುಗಾರನ ನಂತರವೂ ಉಳಿದ ಭಾಷೆ: ಮ್ಯಾನ್ ದ್ವೀಪದ ಮ್ಯಾಂಕ್ಸ್ ಕುರಿತ ಒಂದು ಪ್ರಕರಣ ಅಧ್ಯಯನ

ಬ್ರಿಟನ್ನಿಗೂ ಐರ್ಲೆಂಡಿಗೂ ನಡುವಿನ ಕಡಲಿನಲ್ಲಿ ಐಲ್ ಆಫ್ ಮ್ಯಾನ್ ಎಂಬ ದ್ವೀಪವಿದೆ. ವಿಸ್ತೀರ್ಣ 572 ಚದರ ಕಿಲೋಮೀಟರ್, ಜನಸಂಖ್ಯೆ 84 ಸಾವಿರದ ಆಸುಪಾಸು. ಅಲ್ಲಿನ ಜನಗಣತಿಯಲ್ಲಿ ತಮಗೆ ಮ್ಯಾಂಕ್ಸ್ ಭಾಷೆ ಬರುತ್ತದೆ ಎಂದು ಬರೆಸಿದವರ ಸಂಖ್ಯೆಯನ್ನು ಒಂದರ ಕೆಳಗೊಂದು ಇಟ್ಟು ನೋಡಬೇಕು. 1901ರಲ್ಲಿ ಸುಮಾರು 4,400. 1931ರಲ್ಲಿ 530ರಷ್ಟು. 1961ರಲ್ಲಿ 165. ಅಲ್ಲಿಂದ ಸಂಖ್ಯೆ ತಿರುಗಿ ಏರತೊಡಗುತ್ತದೆ: 1971ರಲ್ಲಿ 284, 1991ರಲ್ಲಿ 643, 2011ರಲ್ಲಿ 1,823, 2021ರಲ್ಲಿ 2,223.

ಈ ಅವಧಿಯ ನಡುವೆಯೇ, 1974ರ ಡಿಸೆಂಬರ್ 27ರಂದು, ಮ್ಯಾಂಕ್ಸನ್ನು ಬಾಲ್ಯದಲ್ಲೇ ಸಹಜವಾಗಿ ಕಲಿತಿದ್ದ ಕೊನೆಯ ವ್ಯಕ್ತಿ ಎಂದು ಸಾಮಾನ್ಯವಾಗಿ ಗುರುತಿಸಲಾಗುವ ನೆಡ್ ಮ್ಯಾಡ್ರೆಲ್ ತೀರಿಕೊಂಡರು. ಭಾಷೆಗಳ ಸಾವನ್ನು ದಾಖಲಿಸುವ ರೂಢಿಯ ಪ್ರಕಾರ ಮ್ಯಾಂಕ್ಸ್ ಅಂದೇ ಮುಗಿಯಬೇಕಿತ್ತು. ಆದರೆ ಮಾತನಾಡುವವರ ಸಂಖ್ಯೆ ಆ ಸಾವಿಗೆ ಮೊದಲೇ ಏರಲು ಶುರುವಾಗಿತ್ತು, ಆಮೇಲೂ ಏರುತ್ತಲೇ ಹೋಯಿತು. ಶಾಲೆಗಳಲ್ಲಿ ಪಾಠ, ಸರ್ಕಾರದ ಹಣ, ಭಾಷಾಧಿಕಾರಿಯ ಹುದ್ದೆ ಇವೆಲ್ಲ ಬಂದದ್ದು 1990ರ ದಶಕದಲ್ಲಿ. ಹಾಗಾದರೆ 1961ರಿಂದ 1971ರ ನಡುವಿನ ಏರಿಕೆ ಯಾರದು? ಈ ಪ್ರಕರಣದ ಜೀವ ಇರುವುದು ಈ ಪ್ರಶ್ನೆಯಲ್ಲಿ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಉತ್ತರ ಹುಡುಕಲು ಕೊಂಚ ಹಿಂದೆ ಹೋಗಬೇಕು.

ಕೆಲ್ಟಿಕ್ ಮನೆತನ

ಮ್ಯಾಂಕ್ಸ್ ಸೇರುವುದು ಇಂಡೋ-ಯುರೋಪಿಯನ್ ಕುಟುಂಬದ ಕೆಲ್ಟಿಕ್ ಶಾಖೆಗೆ. ಅಂದರೆ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ದೂರದ ನೆಂಟನಾದ ನುಡಿ. ಇಂದು ಕೆಲ್ಟಿಕ್ ಎಂದರೆ ಯುರೋಪಿನ ಪಶ್ಚಿಮದ ಅಂಚಿನಲ್ಲಿ ಉಳಿದ ಆರು ಭಾಷೆಗಳು ಮಾತ್ರ: ಐರಿಷ್, ಸ್ಕಾಟಿಷ್ ಗೇಲಿಕ್, ಮ್ಯಾಂಕ್ಸ್ ಒಂದು ಕಡೆ, ವೆಲ್ಷ್, ಬ್ರೆಟನ್, ಕಾರ್ನಿಷ್ ಇನ್ನೊಂದು ಕಡೆ. ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆ ಪರಿಸ್ಥಿತಿ ಬೇರೆಯೇ ಇತ್ತು. ಕೆಲ್ಟಿಕ್ ನುಡಿಯ ಅತಿ ಹಳೆಯ ಬರಹಗಳು ಸಿಗುವುದು ಉತ್ತರ ಇಟಲಿ ಮತ್ತು ಸ್ವಿಟ್ಜರ್‌ಲೆಂಡ್ ಗಡಿಯ ಸರೋವರಗಳ ಸುತ್ತ. ಲೆಪಾಂಟಿಕ್ ಎಂದು ಕರೆಯುವ ಆ ಶಾಸನಗಳ ಕಾಲ ಕ್ರಿಸ್ತಪೂರ್ವ 6ನೇ ಶತಮಾನ. ಸ್ಪೇನಿನ ಜರಗೋಜಾ ಬಳಿಯ ಬೊಟೊರಿಟಾದಲ್ಲಿ ಕಂಚಿನ ಫಲಕಗಳ ಮೇಲೆ ಕೊರೆದ ಕೆಲ್ಟಿಬೇರಿಯನ್ ಬರಹ ಸಿಕ್ಕಿದೆ. ಇಂದಿನ ಫ್ರಾನ್ಸಿನ ಬಹುಭಾಗ ಗಾಲಿಷ್ ಮಾತನಾಡುತ್ತಿತ್ತು. ಕ್ರಿಸ್ತಪೂರ್ವ 279ರಲ್ಲಿ ಗ್ರೀಸಿನ ಡೆಲ್ಫಿಯ ಮೇಲೆ ಕೆಲ್ಟಿಕ್ ಗುಂಪುಗಳು ದಾಳಿ ಮಾಡಿದವು. ಮರುವರ್ಷ ಕೆಲವು ಗುಂಪುಗಳು ಏಷ್ಯಾ ಮೈನರ್‌ಗೆ ದಾಟಿ ಇಂದಿನ ಅಂಕಾರಾದ ಸುತ್ತ ನೆಲೆ ನಿಂತವು. ಆ ಗಲೇಷಿಯನ್ನರ ಮಾತು ಜರ್ಮನಿಯ ಟ್ರಿಯರ್ ಕಡೆಯವರ ಮಾತನ್ನು ಹೋಲುತ್ತದೆ ಎಂದು 4ನೇ ಶತಮಾನದಲ್ಲಿ ಬಾಳಿದ ಸಂತ ಜೆರೋಮ್ ಬರೆದಿದ್ದಾನೆ.

ಅಟ್ಲಾಂಟಿಕ್ ತೀರದಿಂದ ಅಂಕಾರಾದವರೆಗೆ ಹಬ್ಬಿದ್ದ ಈ ನುಡಿ ಹುಟ್ಟಿದ್ದು ಎಲ್ಲಿ ಎಂಬ ವಾದ ಇನ್ನೂ ಮುಗಿದಿಲ್ಲ. ಹಿಂದಿನವರು ಆಲ್ಪ್ಸ್ ಪರ್ವತದ ಉತ್ತರದ ಹಾಲ್‌ಸ್ಟಾಟ್ ಸಂಸ್ಕೃತಿಯ ಕಡೆ ಬೆರಳು ತೋರುತ್ತಿದ್ದರು. ಕೆಲವರು ಅಟ್ಲಾಂಟಿಕ್ ತೀರವೇ ತವರು ಎನ್ನುತ್ತಾರೆ. ಈಚಿನ ಪ್ರಾಚೀನ ಡಿಎನ್ಎ ಅಧ್ಯಯನ ಕಂಚಿನ ಯುಗದ ಕೊನೆಯ ಭಾಗದಲ್ಲಿ ಖಂಡದಿಂದ ದಕ್ಷಿಣ ಬ್ರಿಟನ್ನಿಗೆ ದೊಡ್ಡ ವಲಸೆ ನಡೆದುದನ್ನು ತೋರಿಸಿದೆ. ನಮ್ಮ ಪ್ರಕರಣಕ್ಕೆ ಬೇಕಾದದ್ದು ಇಷ್ಟು: ಖಂಡದ ಮೇಲಿದ್ದ ಕೆಲ್ಟಿಕ್ ನುಡಿಗಳು ಒಂದೂ ಉಳಿಯಲಿಲ್ಲ. ರೋಮನ್ ಸಾಮ್ರಾಜ್ಯ, ಆಮೇಲೆ ಜರ್ಮಾನಿಕ್ ವಲಸೆಗಳು ಅವನ್ನು ನುಂಗಿದವು. ಇಂದು ಫ್ರಾನ್ಸಿನಲ್ಲಿರುವ ಬ್ರೆಟನ್ ಕೂಡ ಗಾಲಿಷ್‌ನ ಮಗಳಲ್ಲ, ಬ್ರಿಟನ್ನಿನಿಂದ ಕಡಲು ದಾಟಿ ಬಂದವರ ನುಡಿ. ಉಳಿದದ್ದು ದ್ವೀಪಗಳ ನುಡಿ ಮಾತ್ರ.

ಮ್ಯಾನ್ ದ್ವೀಪದ ನೆಲದ ಮೇಲೆಯೇ ಆ ಎರಡು ಪಂಗಡಗಳ ಗುರುತು ಕಾಣುತ್ತದೆ. ದ್ವೀಪದ ಉತ್ತರದ ಆಂಡ್ರಿಯಾಸ್ ಬಳಿ ಸಿಕ್ಕ ನಾಕ್-ಎ-ಡೂನಿ ಕಲ್ಲಿನ ಮೇಲೆ ಒಂದೇ ಸಮಾಧಿ ಬರಹ ಎರಡು ಲಿಪಿಗಳಲ್ಲಿದೆ. ಲ್ಯಾಟಿನ್‌ನಲ್ಲಿ ‘ರೊಕಾತುವಿನ ಮಗ ಅಮ್ಮೆಕಾತು ಇಲ್ಲಿ ಮಲಗಿದ್ದಾನೆ’ ಎಂದಿದೆ. ಪಕ್ಕದಲ್ಲೇ, ಗೀರುಗಳಿಂದ ಅಕ್ಷರ ಮಾಡುವ ಒಘಮ್ ಲಿಪಿಯಲ್ಲಿ, ಅದೇ ಸಂಗತಿ ಐರ್ಲೆಂಡಿನ ನುಡಿಯಲ್ಲಿದೆ. ಅಲ್ಲಿ ಮಗ ಎಂಬುದಕ್ಕೆ ‘ಮಕ್ವಿ’ ಎಂದು ಕೊರೆದಿದ್ದಾರೆ. ವೆಲ್ಷ್ ಕಡೆಯ ಪಂಗಡದಲ್ಲಿ ಇದೇ ಪದ ‘ಮಾಬ್’ ಆಗಿದೆ. ದ್ವೀಪದಲ್ಲಿ ಮೊದಲು ಬ್ರಿಟನ್ ಕಡೆಯ ಕೆಲ್ಟಿಕ್ ನುಡಿ ಇದ್ದಿರಬೇಕು, 5ನೇ ಶತಮಾನದ ಹೊತ್ತಿಗೆ ಐರ್ಲೆಂಡಿನಿಂದ ಬಂದವರ ನುಡಿ ಅದರ ಮೇಲೆ ಹರಡಿತು ಎಂದು ವಿದ್ವಾಂಸರು ಊಹಿಸುತ್ತಾರೆ. ಮ್ಯಾಂಕ್ಸ್ ಮನೆತನದ ಹೆಸರುಗಳು ಬಹಳಷ್ಟು ಕ ಧ್ವನಿಯಿಂದ ಶುರುವಾಗಲು ಕಾರಣವೂ ಅದೇ: ಕೆಲ್ಲಿ, ಕರ್ಮೋಡ್, ಕ್ವೇಲ್, ಕಾರ್ಲೆಟ್. ‘ಮಕ್’ ಎಂಬುದರ ಮೊದಲ ಭಾಗ ಉದುರಿ ಕೊನೆಯ ಧ್ವನಿ ಅಪ್ಪನ ಹೆಸರಿಗೆ ಅಂಟಿಕೊಂಡಿದೆ.

9ನೇ ಶತಮಾನದಿಂದ ನಾರ್ವೆಯ ಕಡಲಿಗರು ಬಂದು ಆಳಿದರು. ದ್ವೀಪದ ಶಾಸನಸಭೆ ಟಿನ್‌ವಾಲ್ಡ್ ಅವರ ಕೊಡುಗೆ. ಬೆಟ್ಟದ ಹೆಸರು ಸ್ನೇಫೆಲ್ ಅವರ ಮಾತು. ಆದರೂ ಗೇಲಿಕ್, ಅಂದರೆ ಐರ್ಲೆಂಡಿನಿಂದ ಬಂದಿದ್ದ ಆ ಕೆಲ್ಟಿಕ್ ನುಡಿ, ಅಳಿಯಲಿಲ್ಲ. ಕರ್ಕ್ ಮೈಕೇಲ್ ಚರ್ಚಿನಲ್ಲಿರುವ ಒಂದು ಶಿಲುಬೆಗಲ್ಲು ನನಗೆ ಬಹಳ ಪ್ರಿಯವಾದ ಸಾಕ್ಷ್ಯ. ಬರಹ ನಾರ್ಸ್ ಭಾಷೆಯಲ್ಲಿ, ರೂನ್ ಲಿಪಿಯಲ್ಲಿದೆ. ಆದರೆ ಕಲ್ಲು ನಿಲ್ಲಿಸಿದವನ ಹೆಸರು ಮಾಲ್ ಲುಮ್‌ಕುನ್, ಅವನ ಸಾಕುತಾಯಿ ಮಾಲ್‌ಮುರಿ, ಆಕೆಯ ಅಪ್ಪ ದುಫ್‌ಗಾಲ್ — ಎಲ್ಲವೂ ಗೇಲಿಕ್ ಹೆಸರುಗಳು. ಆಕೆಯ ಗಂಡ ಆದಿಸ್ಲ್ ಮಾತ್ರ ನಾರ್ಸ್ ಹೆಸರಿನವ. ಕೊನೆಗೊಂದು ಸಾಲು: ಕೆಟ್ಟ ಮಗನನ್ನು ಬಿಟ್ಟು ಹೋಗುವುದಕ್ಕಿಂತ ಒಳ್ಳೆಯ ಸಾಕುಮಗನನ್ನು ಬಿಟ್ಟು ಹೋಗುವುದು ಮೇಲು. ಆಳುವವರ ಭಾಷೆಯಲ್ಲಿ ಬರೆಸುತ್ತಿದ್ದರೂ ಒಳಮನೆಯ ನುಡಿ ಗೇಲಿಕ್ಕೇ ಆಗಿತ್ತು ಎಂದು ಈ ಕಲ್ಲನ್ನು ನೋಡಿದರೆ ತಿಳಿಯುತ್ತದೆ. ನಾರ್ವೆಯವರು 1266ರಲ್ಲಿ ದ್ವೀಪವನ್ನು ಸ್ಕಾಟ್ಲೆಂಡಿಗೆ ಬಿಟ್ಟುಕೊಟ್ಟರು, 14ನೇ ಶತಮಾನದಲ್ಲಿ ಅದು ಇಂಗ್ಲಿಷರ ಕೈಸೇರಿತು. ಅಷ್ಟಾದರೂ ಮುಂದಿನ ನಾಲ್ಕು ನೂರು ವರ್ಷ ಸಾಮಾನ್ಯ ಜನ ಮ್ಯಾಂಕ್ಸ್ ಬಿಡಲಿಲ್ಲ. ಆಳುವವರ ಭಾಷೆ ಬದಲಾದ ಮಾತ್ರಕ್ಕೆ ಮನೆಮಾತು ಅಳಿಯುವುದಿಲ್ಲ ಎಂಬುದಕ್ಕೆ ಈ ದ್ವೀಪವೇ ಎರಡು ಬಾರಿ ಪುರಾವೆ ಒದಗಿಸಿದೆ.

ಕುಸಿತ

ಲಿಖಿತ ಮ್ಯಾಂಕ್ಸ್ ಬಂದದ್ದು ತಡವಾಗಿ, ಅದೂ ಚರ್ಚಿನ ಮೂಲಕ. ವೇಲ್ಸ್ ಮೂಲದ ಬಿಷಪ್ ಜಾನ್ ಫಿಲಿಪ್ಸ್ 1610ರ ಸುಮಾರಿಗೆ ಪ್ರಾರ್ಥನಾ ಗ್ರಂಥವನ್ನು ಮ್ಯಾಂಕ್ಸ್‌ಗೆ ತಂದರು. ಅದು ಅಚ್ಚಾಗದೆ ಹಸ್ತಪ್ರತಿಯಾಗಿಯೇ ಉಳಿಯಿತು. ಮೊದಲ ಮುದ್ರಿತ ಪುಸ್ತಕ 1707ರದ್ದು. ಐರಿಷ್ ಬರವಣಿಗೆಯ ಸಂಪ್ರದಾಯವನ್ನು ಬಿಟ್ಟು, ಇಂಗ್ಲಿಷ್ ಓದಲು ಬಲ್ಲವನಿಗೆ ಕಂಡಂತೆ ಅಕ್ಷರ ಜೋಡಿಸುವ ಪದ್ಧತಿ ಬೆಳೆಯಿತು. ಇದರಿಂದ ಒಂದು ನಷ್ಟವಾಯಿತು: ಐರ್ಲೆಂಡಿನವನು ಮ್ಯಾಂಕ್ಸ್ ಕೇಳಿದರೆ ಅಷ್ಟಿಷ್ಟು ಅರ್ಥ ಮಾಡಿಕೊಂಡಾನು, ಪುಟ ತೆರೆದರೆ ಕಂಗಾಲಾಗುತ್ತಾನೆ.

ಬಿಷಪ್ ಮಾರ್ಕ್ ಹಿಲ್ಡ್‌ಸ್ಲಿ 18ನೇ ಶತಮಾನದಲ್ಲಿ ಇಡೀ ಬೈಬಲ್ಲಿನ ಅನುವಾದಕ್ಕೆ ಕೈಹಾಕಿದರು. ಪಾದ್ರಿಗಳು ಭಾಗ ಭಾಗ ಹಂಚಿಕೊಂಡು ಅನುವಾದಿಸಿದರು. ಹಳೆಯ ಒಡಂಬಡಿಕೆಯ ಹಸ್ತಪ್ರತಿಯ ಒಂದು ಭಾಗವನ್ನು 1772ರಲ್ಲಿ ಅಚ್ಚಿಗಾಗಿ ಇಂಗ್ಲೆಂಡಿನ ವೈಟ್‌ಹೇವನ್‌ಗೆ ಒಯ್ಯುತ್ತಿದ್ದಾಗ ಹಡಗು ಒಡೆಯಿತು. ಪ್ರತಿಯನ್ನು ಹೊತ್ತಿದ್ದ ಯುವಕ ಜಾನ್ ಕೆಲ್ಲಿ ಐದು ಗಂಟೆಗಳ ಕಾಲ ಅದನ್ನು ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿ ಹಿಡಿದು ಉಳಿಸಿದ ಎಂಬ ಸಂಗತಿ ದಾಖಲಾಗಿದೆ. ಅದೇ ಕೆಲ್ಲಿ ಮುಂದೆ ಮ್ಯಾಂಕ್ಸ್ ವ್ಯಾಕರಣವನ್ನೂ ನಿಘಂಟನ್ನೂ ಬರೆದ. ಇಡೀ ಬೈಬಲ್ 1775ರಲ್ಲಿ ಹೊರಬಂತು.

ವಿಪರ್ಯಾಸವೆಂದರೆ ಭಾಷೆಗೆ ಪೂರ್ಣ ಗ್ರಂಥ ಸಿಕ್ಕ ಹೊತ್ತಿಗೇ ಅದರ ಕಾಲಡಿಯ ನೆಲ ಕುಸಿಯುತ್ತಿತ್ತು. ಬ್ರಿಟಿಷ್ ಸರ್ಕಾರ 1765ರಲ್ಲಿ ಅಥೋಲ್ ಡ್ಯೂಕ್ ಮನೆತನಕ್ಕೆ 70,000 ಪೌಂಡ್ ಕೊಟ್ಟು ದ್ವೀಪದ ಆದಾಯದ ಹಕ್ಕನ್ನು ಕೊಂಡುಕೊಂಡಿತು. ಕಳ್ಳಸಾಗಣೆಯನ್ನು ತಡೆಯುವುದು ಅದರ ಉದ್ದೇಶ. ದ್ವೀಪದ ಹಣದ ಹರಿವಿನ ದೊಡ್ಡ ಪಾಲು ಆ ವ್ಯಾಪಾರದಿಂದಲೇ ಬರುತ್ತಿದ್ದುದರಿಂದ ಬಡತನ ಕವಿಯಿತು, ಜನ ಹೊರಗೆ ಹೊರಟರು. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಿಂದ ಜನ ಬಂದು ನೆಲೆಸಿದರು. 1830ರಲ್ಲಿ ಹಬೆಹಡಗಿನ ಕಂಪನಿ ಆರಂಭವಾಯಿತು. ಲ್ಯಾಂಕಾಶೈರಿನ ಗಿರಣಿ ಕಾರ್ಮಿಕರಿಗೆ ಬೇಸಿಗೆಯ ರಜೆ ಕಳೆಯಲು ದ್ವೀಪ ಅಗ್ಗದ ತಾಣವಾಯಿತು. 1913ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದಿಳಿದರು. ಅಷ್ಟು ಮಂದಿಗೆ ಕೋಣೆ ಕೊಡುವ, ಅಡುಗೆ ಮಾಡುವ, ಗಾಡಿ ಹೊಡೆಯುವ ಪ್ರತಿಯೊಬ್ಬನಿಗೂ ಇಂಗ್ಲಿಷ್ ಬೇಕು.

ಚರ್ಚೂ ಕೈಬಿಟ್ಟಿತು. ಮ್ಯಾಂಕ್ಸ್‌ನಲ್ಲಿ ಇನ್ನು ಬೈಬಲ್ ಅಚ್ಚು ಹಾಕಿಸುವ ಅಗತ್ಯವೇ ಇಲ್ಲ, ಇಂಗ್ಲಿಷ್ ಪ್ರತಿಗಳೇ ಬೇಕು ಎಂದು ಬಿಷಪ್ ಮರೇ 1825ರಲ್ಲಿ ಮುದ್ರಣಕ್ಕೆ ನೆರವಾಗುತ್ತಿದ್ದ ಧರ್ಮಸಂಸ್ಥೆಗೆ ತಿಳಿಸಿದರು. 1874ರಲ್ಲಿ ಹೆನ್ರಿ ಜೆನ್ನರ್ ಎಂಬ ವಿದ್ವಾಂಸ ದ್ವೀಪದ ಪಾದ್ರಿಗಳಿಗೆ ಪ್ರಶ್ನಾವಳಿ ಕಳಿಸಿ ಲೆಕ್ಕ ತೆಗೆದ. ರಾಜಧಾನಿ ಡಗ್ಲಾಸ್ ಬಿಟ್ಟು ಉಳಿದ 41,084 ಜನರಲ್ಲಿ 12,340 ಮಂದಿ ಮ್ಯಾಂಕ್ಸ್ ಆಡುತ್ತಾರೆ, ಮ್ಯಾಂಕ್ಸ್ ಹೊರತು ಬೇರೇನೂ ಬಾರದವರು 190 ಮಂದಿ ಮಾತ್ರ ಎಂಬ ಉತ್ತರ ಬಂತು.

ಹನ್ನೆರಡು ಸಾವಿರ ಸಣ್ಣ ಸಂಖ್ಯೆಯಲ್ಲ. ಆದರೂ ಒಂದು ತಲೆಮಾರಿನೊಳಗೆ ಅದು ನಾಲ್ಕು ಸಾವಿರದ ಚಿಲ್ಲರೆಗೆ ಇಳಿಯಿತು. ಯಾರೂ ಮ್ಯಾಂಕ್ಸನ್ನು ನಿಷೇಧಿಸುವ ಕಾನೂನು ತರಲಿಲ್ಲ. ನಡೆದದ್ದು ಇಷ್ಟೇ: ತಮ್ಮೊಳಗೆ ಮ್ಯಾಂಕ್ಸ್ ಆಡುತ್ತಿದ್ದ ಅಪ್ಪ-ಅಮ್ಮ ಮಕ್ಕಳ ಕಡೆ ತಿರುಗಿದಾಗ ಇಂಗ್ಲಿಷಿಗೆ ಬದಲಾದರು. ‘ಮ್ಯಾಂಕ್ಸ್‌ನಿಂದ ನೀನು ಒಂದು ಪೆನ್ನಿಯನ್ನೂ ಗಳಿಸಲಾರೆ’ ಎಂಬ ಮಾತು ದ್ವೀಪದಲ್ಲಿ ಗಾದೆಯಂತೆ ಓಡಾಡುತ್ತಿತ್ತು. ಆ ಮಾತು ಇದ್ದದ್ದೂ ಮ್ಯಾಂಕ್ಸ್‌ನಲ್ಲೇ. ಆ ತಂದೆತಾಯಂದಿರನ್ನು ದೂರುವ ಮನಸ್ಸು ನನಗಿಲ್ಲ. ಹೊಟ್ಟೆಪಾಡು ಎದುರಿಗಿರುವಾಗ ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ ಅವರು ಹಾಗೆ ಮಾಡಿದರು. ಆದರೆ ಭಾಷೆಯ ಎಳೆ ಕಡಿಯುವುದು ಅಲ್ಲಿಯೇ, ಬೇರೆಲ್ಲೂ ಅಲ್ಲ.

ಕಿವಿಯಿಂದ ಕಿವಿಗೆ

ನೆಡ್ ಮ್ಯಾಡ್ರೆಲ್ ಹುಟ್ಟಿದ್ದು 1877ರ ಆಗಸ್ಟ್ 20ರಂದು, ದ್ವೀಪದ ದಕ್ಷಿಣ ತುದಿಯ ಕ್ರೆಗ್ನಿಶ್ ಹಳ್ಳಿಯ ಬಳಿ. ಅವರ ತಲೆಮಾರಿನ ಬಹುಪಾಲು ಮಕ್ಕಳಿಗೆ ಮ್ಯಾಂಕ್ಸ್ ಬರಲಿಲ್ಲ. ಇವರಿಗೆ ಬಂದದ್ದು ಒಂದು ಆಕಸ್ಮಿಕದಿಂದ: ಸಂಬಂಧದಲ್ಲಿ ಅಜ್ಜಿಯಾಗುತ್ತಿದ್ದ ಮಾರ್ಗರೆಟ್ ಟಾಬ್‌ಮನ್ ಅವರ ಮನೆಯಲ್ಲಿ ಬೆಳೆದರು. ಆಕೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹುಡುಗ ಊಟ ಕೇಳಬೇಕಾದರೂ ಮ್ಯಾಂಕ್ಸ್‌ನಲ್ಲೇ ಕೇಳಬೇಕು. ಹದಿಮೂರರ ಪ್ರಾಯದಲ್ಲಿ ಮೀನುಗಾರಿಕೆ ದೋಣಿಯಲ್ಲಿ ಅಡುಗೆಯ ಕೆಲಸಕ್ಕೆ ಸೇರಿದ; ದೋಣಿಯ ಹಿರಿಯರೂ ಮ್ಯಾಂಕ್ಸ್ ಬಲ್ಲವರೇ. ಇಂಗ್ಲಿಷ್ ಬಾರದ ಒಬ್ಬ ಮುದುಕಿ ಮನೆಯಲ್ಲಿದ್ದುದರಿಂದ ಒಂದು ಭಾಷೆಯ ಆಯುಷ್ಯ ಐವತ್ತು ವರ್ಷ ಹೆಚ್ಚಾಯಿತು ಎಂದರೆ ಅತಿಶಯೋಕ್ತಿ ಆಗಲಾರದು.

ದ್ವೀಪದಲ್ಲಿ ಎಚ್ಚೆತ್ತವರು ಇರಲಿಲ್ಲವೆಂದಲ್ಲ. 1899ರಲ್ಲಿ ಮ್ಯಾಂಕ್ಸ್ ಭಾಷಾ ಸಂಘ ಹುಟ್ಟಿತು. ‘ಭಾಷೆಯಿಲ್ಲದೆ ನಾಡಿಲ್ಲ’ ಎಂಬುದು ಅದರ ಘೋಷವಾಕ್ಯ. ಇತಿಹಾಸಕಾರ ಎ. ಡಬ್ಲ್ಯು. ಮೂರ್ ಮೊದಲ ಅಧ್ಯಕ್ಷರು, ಸೋಫಿಯಾ ಮಾರಿಸನ್ ಅದರ ಜೀವಾಳವಾಗಿದ್ದವರು. ಆದರೆ ಆಗ ಭಾಷೆ ಬಲ್ಲ ಹಳ್ಳಿಗರು ಒಂದು ಕಡೆ, ಭಾಷೆಯ ಮೇಲೆ ಅಕ್ಕರೆಯಿದ್ದ ಓದಿದವರು ಇನ್ನೊಂದು ಕಡೆ. ಹೊರಗಿನ ವಿದ್ವಾಂಸರೂ ಬಂದರು. ವಿಯೆನ್ನಾದ ರುಡಾಲ್ಫ್ ಟ್ರೆಬಿಚ್ 1909ರಲ್ಲಿ ದನಿ ಮುದ್ರಿಸಿಕೊಂಡ. ನಾರ್ವೆಯ ಕಾರ್ಲ್ ಮಾರ್‌ಸ್ಟ್ರಾಂಡರ್ 1929ರಿಂದ 1933ರ ನಡುವೆ ಮೂರು ಬಾರಿ ಬಂದು ಮುದುಕರ ಮಾತನ್ನು ಮೇಣದ ಸಿಲಿಂಡರುಗಳ ಮೇಲೆ ಹಿಡಿದ. ಅವನು ದನಿ ಹಿಡಿದವರಲ್ಲಿ ಕ್ರೆಗ್ನಿಶ್‌ನ ಹ್ಯಾರಿ ಕೆಲ್ಲಿಯೂ ಒಬ್ಬರು. ಅವರ ಹುಲ್ಲು ಮಾಡಿನ ಮನೆಯೇ 1938ರಲ್ಲಿ ಜಾನಪದ ವಸ್ತುಸಂಗ್ರಹಾಲಯವಾಯಿತು.

ಈ ಹೊತ್ತಿನಲ್ಲಿ ಬಂದ ಒಂದು ತೀರ್ಪನ್ನು ಇಲ್ಲಿ ಹೇಳಲೇಬೇಕು. ಐರ್ಲೆಂಡಿನ ಹೆಸರಾಂತ ಭಾಷಾಪಂಡಿತ ಟಿ. ಎಫ್. ಒ'ರಾಹಿಲಿ 1932ರಲ್ಲಿ, ಲಿಖಿತ ಮ್ಯಾಂಕ್ಸ್ ಎಂದರೆ ಮ್ಯಾಂಕ್ಸ್ ಪದಗಳ ವೇಷ ತೊಟ್ಟ ಇಂಗ್ಲಿಷ್, ಅದು ಬದುಕಲು ಅಷ್ಟಾಗಿ ಅರ್ಹವೇ ಆಗಿರಲಿಲ್ಲ ಎಂಬರ್ಥದ ಮಾತು ಬರೆದರು. ಸ್ವತಃ ಒಂದು ಗೇಲಿಕ್ ಭಾಷೆಯ ಉಳಿವಿಗಾಗಿ ದುಡಿದವರ ಬಾಯಿಂದ ಬಂದ ಈ ಮಾತು ನನ್ನನ್ನು ಕೆರಳಿಸುತ್ತದೆ. ಅನುವಾದಿತ ಧರ್ಮಗ್ರಂಥದ ವಾಕ್ಯಗಳನ್ನು ಅಳತೆಗೋಲು ಮಾಡಿಕೊಂಡು, ಕ್ರೆಗ್ನಿಶ್‌ನ ಒಲೆಯ ಮುಂದೆ ಆಡುವ ಮಾತಿಗೆ ಮರಣದಂಡನೆ ವಿಧಿಸಿದಂತೆ ಇದು. ಯಾವ ಭಾಷೆ ಬದುಕಬೇಕು ಎಂಬುದನ್ನು ಪಂಡಿತರ ಮೆಚ್ಚುಗೆಗೆ ಬಿಟ್ಟರೆ ಉಳಿಯುವ ಭಾಷೆಗಳು ಬಹಳ ಕಡಿಮೆ.

ಅದೃಷ್ಟಕ್ಕೆ ದ್ವೀಪದ ಕೆಲವು ತರುಣರು ಈ ತೀರ್ಪನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಡಗ್ಲಾಸ್ ಫಾರ್ಗರ್, ವಾಲ್ಟರ್ ಕ್ಲಾರ್ಕ್, ಲೆಸ್ಲಿ ಕ್ವಿರ್ಕ್, ಬಿಲ್ ರ್‍ಯಾಡ್‌ಕ್ಲಿಫ್ ಮೊದಲಾದವರು ಅವರು. ಇವರಾರೂ ವಿಶ್ವವಿದ್ಯಾಲಯದವರಲ್ಲ. ಬಿಡುವು ಸಿಕ್ಕಾಗಲೆಲ್ಲ ಹಳ್ಳಿಹಳ್ಳಿಗೆ ಹೋಗಿ, ಇನ್ನೂ ಉಳಿದಿದ್ದ ಹಿರಿಯರನ್ನು ಹುಡುಕಿ, ಅವರೊಂದಿಗೆ ಮ್ಯಾಂಕ್ಸ್‌ನಲ್ಲೇ ಹರಟಿದರು. ಬ್ಯಾಲಾ ಎಂಬಲ್ಲಿ ‘ಗಾವ್’, ಅಂದರೆ ಕಮ್ಮಾರ, ಎಂದೇ ಹೆಸರಾಗಿದ್ದ ಜಾನ್ ನೀನ್. ರೊನಾಗ್ ಕಡೆಯ ಬೆಟ್ಟದ ಮೇಲೆ ಕಿನ್ವಿಗ್ ದಂಪತಿ. ಕ್ರೆಗ್ನಿಶ್‌ನ ಕಡೆ ಮ್ಯಾಡ್ರೆಲ್. ಹಿರಿಯರಿಗೂ ಇದು ಬೇಕಾಗಿತ್ತು. ಎಷ್ಟೋ ವರ್ಷಗಳಿಂದ ಆ ಭಾಷೆಯಲ್ಲಿ ಮಾತನಾಡಲು ಅವರಿಗೆ ಜೊತೆಗಾರರೇ ಇರಲಿಲ್ಲ.

ಐರ್ಲೆಂಡಿನ ನಾಯಕ ಏಮನ್ ಡಿ ವಲೇರಾ 1947ರಲ್ಲಿ ದ್ವೀಪಕ್ಕೆ ಬಂದು ಮ್ಯಾಡ್ರೆಲ್ ಅವರನ್ನು ಭೇಟಿಯಾದರು. ಮರುವರ್ಷ ಏಪ್ರಿಲ್‌ನಲ್ಲಿ ಐರಿಷ್ ಜಾನಪದ ಆಯೋಗದ ಕೆವಿನ್ ಡ್ಯಾನಹರ್ ಧ್ವನಿಮುದ್ರಣ ಸಾಧನ ಹೊತ್ತ ವಾಹನದೊಂದಿಗೆ ಕಡಲು ದಾಟಿ ಬಂದು ಈ ಹಿರಿಯರ ಮಾತುಗಳನ್ನು ಡಿಸ್ಕುಗಳ ಮೇಲೆ ಮುದ್ರಿಸಿಕೊಂಡರು. ಅವರನ್ನು ಮನೆಮನೆಗೆ ಕರೆದೊಯ್ಯಲು ದಾರಿ ತೋರಿಸಿದ್ದು ಇದೇ ತರುಣರ ಬಳಗ. ಆಮೇಲೆ ಸಂಘದವರು ತಾವೇ ಧ್ವನಿಮುದ್ರಣ ಮುಂದುವರಿಸಿದರು.

ಈ ಧ್ವನಿಮುದ್ರಣಗಳ ಬೆಲೆ ಏನೆಂದು ಹತ್ತಿರದಿಂದ ನೋಡೋಣ. ತಲೆ ಎಂಬುದಕ್ಕೆ ಮ್ಯಾಂಕ್ಸ್‌ನಲ್ಲಿ ಬರೆಯುವ ಪದವನ್ನು ಕಾಗದದ ಮೇಲೆ ಕಂಡಂತೆ ಓದಿದರೆ ‘ಕ್ಯೋನ್’ ಎನ್ನಬೇಕು. ಹಿರಿಯರ ಬಾಯಲ್ಲಿ ಅದು ‘ಕ್ಯೋದ್ನ್’ ಎಂದು ಕೇಳಿಸುತ್ತದೆ. ನ ಧ್ವನಿಗೆ ಮುನ್ನ ನಾಲಿಗೆ ಒಂದು ಕ್ಷಣ ತಡೆದು ದ ಧ್ವನಿ ಹೊರಡಿಸುತ್ತದೆ. ಭಾರ ಎಂಬರ್ಥದ ‘ತ್ರೋಮ್’ ಹಾಗೆಯೇ ‘ತ್ರೋಬ್ಮ್’ ಆಗುತ್ತದೆ. ಈ ತಡೆ ಬರವಣಿಗೆಯಲ್ಲಿ ಎಲ್ಲಿಯೂ ಕಾಣುವುದಿಲ್ಲ, ಬೈಬಲ್ಲನ್ನು ಎಷ್ಟು ಬಾರಿ ಓದಿದರೂ ತಿಳಿಯುವುದಿಲ್ಲ. ಬಲ್ಲವರ ಎದುರು ಕುಳಿತು ಕೇಳಿದವನಿಗೆ ಮಾತ್ರ ಗೊತ್ತು. ಇಂಥ ನೂರಾರು ಸೂಕ್ಷ್ಮಗಳು, ಪ್ರಶ್ನೆ ಕೇಳುವಾಗ ದನಿ ಏರುವ ಬಗೆ, ಮಾತಿನ ನಡುವೆ ಉಸಿರು ನಿಲ್ಲುವ ಜಾಗ ಇವೆಲ್ಲ ಆ ತರುಣರ ಕಿವಿಗಳಿಗೆ ದಾಟಿದವು.

ಅದೇ ಕೆಲ್ಟಿಕ್ ಕುಟುಂಬದ ಕಾರ್ನಿಷ್‌ನ ಕತೆಯೊಂದಿಗೆ ಹೋಲಿಸಿದರೆ ಇದರ ಮಹತ್ವ ಇನ್ನೂ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ನೈಋತ್ಯ ತುದಿಯ ಆ ಭಾಷೆಯ ಕೊನೆಯ ಮಾತುಗಾರ್ತಿ ಎಂದು ಪ್ರಸಿದ್ಧಳಾದ ಡಾಲಿ ಪೆಂಟ್ರೀತ್ ತೀರಿಕೊಂಡದ್ದು 1777ರಲ್ಲಿ. ಮ್ಯಾನ್ ದ್ವೀಪದ ಲೆಕ್ಕ ತೆಗೆದ ಅದೇ ಹೆನ್ರಿ ಜೆನ್ನರ್ 1904ರಲ್ಲಿ ಕಾರ್ನಿಷ್ ಕಲಿಕೆಯ ಕೈಪಿಡಿ ಬರೆದು ಪುನರುಜ್ಜೀವನಕ್ಕೆ ನಾಂದಿ ಹಾಡಿದ. ಆದರೆ ಅವನ ಕೈಯಲ್ಲಿದ್ದದ್ದು ಹಸ್ತಪ್ರತಿಗಳು ಮಾತ್ರ. ಪದ ಹೇಗೆ ಉಚ್ಚರಿಸುತ್ತಿದ್ದರು ಎಂಬುದನ್ನು ಊಹಿಸಬೇಕಾಯಿತು. ಊಹೆಗಳು ಬೇರೆಬೇರೆಯಾದಂತೆ ಬರವಣಿಗೆಯ ಪದ್ಧತಿಗಳೂ ಬೇರೆಬೇರೆಯಾದವು. ಎಲ್ಲರೂ ಒಪ್ಪುವ ಒಂದು ಲಿಖಿತ ರೂಪಕ್ಕೆ ಬರಲು 2008ರವರೆಗೆ ಕಾಯಬೇಕಾಯಿತು. ಕಾರ್ನಿಷ್ ಜನರ ಶ್ರದ್ಧೆ ಮ್ಯಾಂಕ್ಸ್ ಜನರಿಗಿಂತ ಕಡಿಮೆಯದಲ್ಲ. ಅವರಿಗೆ ಸಿಗದೇ ಹೋದದ್ದು ಒಬ್ಬ ಮ್ಯಾಡ್ರೆಲ್, ಮತ್ತು ಮ್ಯಾಡ್ರೆಲ್ ಎದುರು ಕೂರುವ ನಾಲ್ಕಾರು ತರುಣರು.

ಈ ಕೊಂಡಿಗೆ ಮುಂದಿನ ಕೊಂಡಿ ಸೇರಿದ್ದು ಹೇಗೆಂಬುದೂ ದಾಖಲಾಗಿದೆ. 1953ರಲ್ಲಿ ಡಗ್ಲಾಸ್ ನಗರದ ಶಾಲಾ ಹುಡುಗ ಬ್ರಯನ್ ಸ್ಟೋವೆಲ್, ಭಾಷೆಯ ಅವನತಿಯ ಬಗ್ಗೆ ಫಾರ್ಗರ್ ಬರೆದ ಲೇಖನ ಓದಿ ಅವರನ್ನು ಹುಡುಕಿಕೊಂಡು ಹೋದ. ಅವರ ಬಳಗದ ಜೊತೆ ಹಿರಿಯರ ಮನೆಗಳಿಗೂ ಹೋದ. ಮುಂದೆ ಭೌತವಿಜ್ಞಾನಿಯಾದ ಸ್ಟೋವೆಲ್ ಪಾಠಪುಸ್ತಕ ಬರೆದರು, ಮ್ಯಾಂಕ್ಸ್‌ನಲ್ಲಿ ಮೊದಲ ಪೂರ್ಣಪ್ರಮಾಣದ ಕಾದಂಬರಿಯನ್ನು 2006ರಲ್ಲಿ ಪ್ರಕಟಿಸಿದರು. ಫಾರ್ಗರ್ ಇಂಗ್ಲಿಷ್–ಮ್ಯಾಂಕ್ಸ್ ನಿಘಂಟನ್ನು 1979ರಲ್ಲಿ ಹೊರತಂದರು. ಮಾರ್ಗರೆಟ್ ಟಾಬ್‌ಮನ್ ಅವರಿಂದ ಮ್ಯಾಡ್ರೆಲ್‌ಗೆ, ಮ್ಯಾಡ್ರೆಲ್ ಅವರಿಂದ ಫಾರ್ಗರ್ ಬಳಗಕ್ಕೆ, ಅಲ್ಲಿಂದ ಸ್ಟೋವೆಲ್‌ಗೆ, ಅವರಿಂದ ಇಂದಿನ ಶಿಕ್ಷಕರಿಗೆ. 1971ರ ಜನಗಣತಿಯಲ್ಲಿ ಏರಿದ ಸಂಖ್ಯೆಯ ಹಿಂದೆ ಇದ್ದವರು ಹೀಗೆ ಬೆಳೆದ ಕಲಿಕೆಯ ಬಳಗದವರು.

ಶಾಲೆಯ ಬಾಗಿಲು

ಸರ್ಕಾರದ ಕಡೆಯ ಕತೆಯನ್ನು ಚಿಕ್ಕದಾಗಿ ಹೇಳಬಹುದು. 1985ರಲ್ಲಿ ಟಿನ್‌ವಾಲ್ಡ್ ಮ್ಯಾಂಕ್ಸ್‌ಗೆ ಸೀಮಿತ ಮನ್ನಣೆ ಕೊಟ್ಟಿತು. ಹಾಗೆ ನೋಡಿದರೆ ಜುಲೈ 5ರ ಟಿನ್‌ವಾಲ್ಡ್ ದಿನದಂದು ಸೇಂಟ್ ಜಾನ್ಸ್‌ನ ಗುಡ್ಡದ ಮೇಲೆ ಹೊಸ ಕಾನೂನುಗಳನ್ನು ಇಂಗ್ಲಿಷಿನ ಜೊತೆ ಮ್ಯಾಂಕ್ಸ್‌ನಲ್ಲೂ ಸಾರುವ ಪದ್ಧತಿ ಬಿಟ್ಟುಹೋಗಿರಲಿಲ್ಲ. ಆ ಹೊತ್ತಿಗೆ ಬ್ಯಾಂಕಿಂಗ್ ಮತ್ತು ಹಣಕಾಸು ವ್ಯವಹಾರ ದ್ವೀಪದ ಮುಖ್ಯ ಆದಾಯವಾಗಿ, ಹೊರಗಿನಿಂದ ಬಂದವರ ಸಂಖ್ಯೆ ಏರಿ, ‘ನಮ್ಮದು’ ಎನ್ನಲು ಏನು ಉಳಿದಿದೆ ಎಂಬ ಆತಂಕ ಸ್ಥಳೀಯರಲ್ಲಿ ಮೂಡಿತ್ತು. 1992ರಲ್ಲಿ ಶಾಲೆಗಳಲ್ಲಿ ಐಚ್ಛಿಕವಾಗಿ ಮ್ಯಾಂಕ್ಸ್ ಕಲಿಸಲು ಶುರುವಾದಾಗ, ಶಾಲೆಯಿಂದ ಶಾಲೆಗೆ ಓಡಾಡುವ ಶಿಕ್ಷಕರ ಸಣ್ಣ ತಂಡಕ್ಕೆ ನಿಭಾಯಿಸಲಾಗದಷ್ಟು ಮಕ್ಕಳು ಮುಂದೆ ಬಂದರು.

1996ರಲ್ಲಿ ಪೋಷಕರು ‘ಮುಂಜೆರ್ ವೆಗಾ’ ಎಂಬ ಶಿಶುವಿಹಾರದ ಸಂಸ್ಥೆ ಕಟ್ಟಿದರು. ಅಲ್ಲಿಂದ ಹೊರಬರುವ ಮಕ್ಕಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ತಾನಾಗಿ ಎದ್ದಿತು. 2001ರಲ್ಲಿ ಒಂಬತ್ತು ಮಕ್ಕಳೊಂದಿಗೆ, ಗಣಿತ-ವಿಜ್ಞಾನವೂ ಸೇರಿ ಎಲ್ಲವನ್ನೂ ಮ್ಯಾಂಕ್ಸ್‌ನಲ್ಲೇ ಕಲಿಸುವ ಪ್ರಾಥಮಿಕ ಶಾಲೆ ಬನ್‌ಸ್ಕೋಲ್ ಗಿಲ್ಗಾ ಆರಂಭವಾಯಿತು. ಎರಡು ವರ್ಷದಲ್ಲಿ ಅದು ಸೇಂಟ್ ಜಾನ್ಸ್‌ನ ಹಳೆಯ ಶಾಲಾ ಕಟ್ಟಡಕ್ಕೆ ಬಂತು, ಮಕ್ಕಳ ಸಂಖ್ಯೆ ಮುಂದೆ ಎಪ್ಪತ್ತರ ಆಸುಪಾಸಿಗೆ ಏರಿತು.

ಇದೇ ಶಾಲೆಯ ಮಕ್ಕಳು 2009ರಲ್ಲಿ ಯುನೆಸ್ಕೋಗೆ ಉತ್ತರ ಕೊಟ್ಟರು. ಅಪಾಯದಲ್ಲಿರುವ ಭಾಷೆಗಳ ಆ ವರ್ಷದ ನಕಾಶೆಯಲ್ಲಿ ಮ್ಯಾಂಕ್ಸನ್ನು ‘ಅಳಿದಿದೆ’ ಎಂದು ನಮೂದಿಸಲಾಗಿತ್ತು. ನಮ್ಮ ಭಾಷೆ ಅಳಿದಿದ್ದರೆ ನಾವು ಈ ಪತ್ರವನ್ನು ಬರೆಯುತ್ತಿರುವುದು ಯಾವ ಭಾಷೆಯಲ್ಲಿ ಎಂದು ಮಕ್ಕಳು ಮ್ಯಾಂಕ್ಸ್‌ನಲ್ಲೇ ಕೇಳಿದರು. ಯುನೆಸ್ಕೋ ನಮೂದನ್ನು ‘ತೀವ್ರ ಅಪಾಯದಲ್ಲಿದೆ’ ಎಂದು ಬದಲಿಸಿತು. ನಮ್ಮ ತುಳು, ಕೊಡವ, ಕೊರಗ ಭಾಷೆಗಳೂ ಅದೇ ನಕಾಶೆಯ ಬೇರೆ ಬೇರೆ ಹಂತಗಳಲ್ಲಿವೆ. ಅಂಥ ಪಟ್ಟಿಯ ಒಂದು ಪದ ಅಂತಿಮ ತೀರ್ಪಲ್ಲ ಎಂಬುದನ್ನು ಆ ಭಾಷೆಗಳವರು ಇಲ್ಲಿ ಗಮನಿಸಬಹುದು.

ಬಗೆಹರಿಯದ ಸಂಗತಿಗಳು

ಈ ಪ್ರಕರಣವನ್ನು ಗೆಲುವಿನ ಕತೆ ಎಂದಷ್ಟೇ ಮುಗಿಸಿದರೆ ಅದಕ್ಕೆ ನ್ಯಾಯ ಸಲ್ಲಿಸಿದಂತಾಗುವುದಿಲ್ಲ. ಇಂದಿನ ಮ್ಯಾಂಕ್ಸ್ ಮಾತುಗಾರರಲ್ಲಿ ಹೆಚ್ಚಿನವರು ಇಂಗ್ಲಿಷ್ ಮನೆಮಾತಿನವರು. ಆದ್ದರಿಂದ ಅವರ ಮ್ಯಾಂಕ್ಸ್‌ನಲ್ಲಿ ಇಂಗ್ಲಿಷಿನ ನೆರಳು 1948ರ ಧ್ವನಿಮುದ್ರಣಗಳಲ್ಲಿ ಇರುವುದಕ್ಕಿಂತ ದಟ್ಟವಾಗಿದೆ. ಹೊಸ ಪದಗಳಿಗಾಗಿ ಐರಿಷ್ ಮತ್ತು ಸ್ಕಾಟಿಷ್ ಗೇಲಿಕ್ ಕಡೆ ಕೈಚಾಚಬೇಕಾಗುತ್ತದೆ. ಇದರಿಂದ ಇದು ಬೇರೆಯೇ ಭಾಷೆಯಾಯಿತು ಎನ್ನುವ ವಿದ್ವಾಂಸರಿದ್ದಾರೆ. ನನ್ನ ಮಟ್ಟಿಗೆ ಈ ಆಕ್ಷೇಪ 1932ರ ತೀರ್ಪಿನ ದಾಯಾದಿ. ಮ್ಯಾಡ್ರೆಲ್ ಅವರ ಮ್ಯಾಂಕ್ಸ್ ಕೂಡ ಮಾಲ್ ಲುಮ್‌ಕುನ್‌ನ ಕಾಲದ ಗೇಲಿಕ್ ಆಗಿರಲಿಲ್ಲ. ಧ್ವನಿಮುದ್ರಣಗಳು ಕೈಗೆಟುಕುವಂತಿರುವಾಗ ತಿದ್ದಿಕೊಳ್ಳುವ ದಾರಿಯೂ ತೆರೆದಿದೆ.

ನಿಜವಾದ ಇಕ್ಕಟ್ಟು ಬೇರೆ ಕಡೆ ಇದೆ. ಬನ್‌ಸ್ಕೋಲ್ ಮುಗಿಸುವ ಹನ್ನೊಂದರ ಮಗು ಹೈಸ್ಕೂಲಿಗೆ ಹೋದಾಗ, ಪೀಲ್ ಪಟ್ಟಣದ ಶಾಲೆಯಲ್ಲಿ ಕೆಲವು ವಿಷಯಗಳನ್ನು ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷಿನಲ್ಲಿ. ಆ ವಯಸ್ಸಿನಲ್ಲಿ ಗೆಳೆಯರ ಮಾತೇ ಮಾತು. 2032ರ ಹೊತ್ತಿಗೆ 5,000 ಮಂದಿ ಮ್ಯಾಂಕ್ಸ್ ಬಲ್ಲವರಾಗಬೇಕು ಎಂದು ದ್ವೀಪದ ಭಾಷಾ ಕಾರ್ಯಯೋಜನೆ ಗುರಿ ಇಟ್ಟುಕೊಂಡಿದೆ. ವಯಸ್ಕರ ತರಗತಿ, ಮೊಬೈಲ್ ಪಾಠ, ಬೀದಿ ಫಲಕಗಳಿಂದ ಆ ಸಂಖ್ಯೆಯನ್ನು ಮುಟ್ಟಬಹುದೇನೋ. ಆದರೆ ಜನಗಣತಿಯಲ್ಲಿ ‘ಬರುತ್ತದೆ’ ಎಂದು ಬರೆಸುವ ಐದು ಸಾವಿರ ಮಂದಿಗಿಂತ, ಮಕ್ಕಳೊಂದಿಗೆ ಮ್ಯಾಂಕ್ಸ್‌ನಲ್ಲೇ ಮಾತನಾಡುವ ಐವತ್ತು ಮನೆಗಳು ಹೆಚ್ಚು ಕೆಲಸ ಮಾಡುತ್ತವೆ ಎಂದು ಈ ಪ್ರಕರಣದ ಇಡೀ ದಾಖಲೆ ಹೇಳುತ್ತದೆ. ಬನ್‌ಸ್ಕೋಲ್‌ನ ಮೊದಲ ತಂಡದ ಮಕ್ಕಳು ಈಗ ಮೂವತ್ತರ ಹತ್ತಿರದವರು, ತಾವೇ ತಂದೆತಾಯಂದಿರಾಗುವ ವಯಸ್ಸಿನವರು. ಯೋಜನೆಯ ಹಣ ಮತ್ತು ಗಮನ ಮೊದಲು ಹೋಗಬೇಕಾದದ್ದು ಆ ಯುವ ಪೋಷಕರ ಕಡೆಗೆ ಮತ್ತು ಪೀಲ್ ಹೈಸ್ಕೂಲಿಗೆ ಬೇಕಾದ ವಿಷಯ ಶಿಕ್ಷಕರ ತರಬೇತಿಗೆ. ಫಲಕಗಳಿಗೆ ಆಮೇಲೂ ಸಮಯವಿದೆ.